ಹಳೆ ಸೀರೆಗೆ ಹೊಸ ಬಲ: ಕೌದಿ ಹೊಲಿಯುವುದು ಹೇಗೆ?

ವಿಜಯಪುರ ಜಿಲ್ಲೆಯ ಕನಮಡಿ, ತಿಕೋಟಾ, ಬಬಲೇಶ್ವರ ಕಡೆಯವರಿಗೆ ಕೌದಿ ಹೊಸದಲ್ಲ. ಹಳೆ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಕೈಸೂಜಿಯಿಂದ ಸಾಲುಹೊಲಿಗೆ ಹಾಕಿದರೆ ಕೌದಿ. ಹಾಸಲಿಕ್ಕೂ ಬರುತ್ತದೆ, ಹೊದೆಯಲಿಕ್ಕೂ ಬರುತ್ತದೆ. ಗಡಿಯಾಚೆ ಮಹಾರಾಷ್ಟ್ರದಲ್ಲಿ ಇದಕ್ಕೆ ಗೋಧಡಿ ಎನ್ನುತ್ತಾರೆ.

ಜಪಾನಿನ ಈಶಾನ್ಯದ ಚಳಿ ಸೀಮೆಯಲ್ಲೂ ಇಂಥದ್ದೇ ಕೆಲಸ ನಡೆದಿತ್ತು. ಅಲ್ಲಿ ಹತ್ತಿ ಬೆಳೆಯುತ್ತಿರಲಿಲ್ಲ. ರೈತರಿಗೆ ಹತ್ತಿ ಬಟ್ಟೆಯ ಒಂದು ಚೂರೂ ಬಿಸಾಡುವಂಥದ್ದಾಗಿರಲಿಲ್ಲ. ನೀಲಿ ಬಟ್ಟೆಯ ಪದರಗಳ ಮೇಲೆ ಬಿಳಿ ನೂಲಿನ ಸಾಲುಹೊಲಿಗೆ ಹಾಕುವುದು ಸಾಶಿಕೊ. ತೇಪೆಯ ಮೇಲೆ ತೇಪೆ ಬಿದ್ದ ಬಟ್ಟೆ ಬೊರೊ. ತನಕಾ ಚುಜಬುರೊ ಎಂಬವರು ಇವನ್ನೆಲ್ಲ ಹುಡುಕಿ ಕೂಡಿಟ್ಟರು. ಅವರ ಸಂಗ್ರಹದ 786 ಸಾಶಿಕೊ ಉಡುಪುಗಳನ್ನು ಜಪಾನ್ ಸರ್ಕಾರ 1983ರಲ್ಲಿ ರಾಷ್ಟ್ರದ ಮಹತ್ವದ ಜಾನಪದ ಆಸ್ತಿ ಎಂದು ಘೋಷಿಸಿತು. ನಮ್ಮ ಅಜ್ಜಿಯರ ಕೌದಿಗೂ ಅಷ್ಟೇ ಮರ್ಯಾದೆ ಸಲ್ಲಬೇಕು.

ಸವೆದ ಬಟ್ಟೆಗೆ ಬಲ ಎಲ್ಲಿಂದ ಬರುತ್ತದೆ? ಹೊಲಿಗೆಯಿಂದ. ಸಾಲುಗಳು ಒತ್ತಾಗಿದ್ದರೆ ಎಳೆತ ಒಂದೇ ಕಡೆ ಬೀಳದೆ ಎಲ್ಲ ಪದರಗಳಿಗೂ ಹಂಚಿಹೋಗುತ್ತದೆ. ಪದರಗಳ ನಡುವಿನ ಗಾಳಿ ಬೆಚ್ಚಗಿಡುತ್ತದೆ.

ಮೊದಲು ಬಟ್ಟೆ ಆರಿಸಿ. ಹತ್ತಿಯದೇ ಇರಲಿ. ಪಾಲಿಸ್ಟರಿನಂಥ ಕೃತಕ ನೂಲಿನ ಸೀರೆ ಜಾರುತ್ತದೆ, ಬೆವರು ಹೀರುವುದಿಲ್ಲ. ಹೊಸ ಬಟ್ಟೆ ಸೇರಿಸುವುದಾದರೆ ಒಮ್ಮೆ ಒಗೆದು ಒಣಗಿಸಿ, ಇಲ್ಲದಿದ್ದರೆ ಆಮೇಲೆ ಕುಗ್ಗಿ ಕೌದಿ ಸುಕ್ಕಾಗುತ್ತದೆ. ಗಟ್ಟಿ ಬಟ್ಟೆ ಮೇಲೂ ಕೆಳಗೂ, ಸವೆದದ್ದು ನಡುವೆ. ಪಡಸಾಲೆಯಲ್ಲಿ ಹಾಸಿ, ಮೂಲೆಗಳಿಗೆ ಭಾರ ಇಡಿ. ಅಂಚು ಒಳಮಡಚಿ ಸುತ್ತಲೂ ಹೊಲಿಯಿರಿ. ಒಂದು ಸುತ್ತು ಮುಗಿದ ಮೇಲೆ ಬೆರಳಗಲ ಒಳಗೆ ಇನ್ನೊಂದು, ಹೀಗೆ ನಡುವಿನವರೆಗೆ. ಪ್ರತಿ ಸುತ್ತಿಗೂ ಅಂಗೈಯಿಂದ ಸವರಿ ಸುಕ್ಕು ಬಿಡಿಸಿ. ದಾರ ಬಿಗಿಯಾಗಿ ಎಳೆಯಬೇಡಿ.

ಮಷೀನಿನಲ್ಲಿ ಹೊಲಿದರೆ ಆಗದೇ? ಪದರ ಕಡಿಮೆಯಿದ್ದರೆ ಆಗುತ್ತದೆ. ಆದರೆ ಕೈಹೊಲಿಗೆಯ ಮೆತ್ತನೆ ಅದಕ್ಕಿಲ್ಲ.

ಖರ್ಚು? ಬಟ್ಟೆ ಮನೆಯದೇ ಇದ್ದರೆ ಸೂಜಿ, ದಾರಕ್ಕಷ್ಟೇ. ಹೊಲಿಸುವುದಾದರೆ ಕೂಲಿಯೇ ದೊಡ್ಡದು. ಅಳತೆ, ಪದರ, ಸಾಲಿನ ಒತ್ತು ನೋಡಿ ದರ ಏರಿಳಿಯುತ್ತದೆ. ಹೊಲಿಯುವವರು ಹಿಂದೆ ಹೊಲಿದ ಒಂದು ಕೌದಿ ನೋಡಿ, ದರ ಮೊದಲೇ ಮಾತಾಡಿಕೊಳ್ಳಿ. ದಿನಗಟ್ಟಲೆ ಬೆನ್ನು ಬಾಗಿಸಿ ಮಾಡುವ ಕೆಲಸ, ಅತಿಯಾಗಿ ಚೌಕಾಶಿ ಮಾಡಬೇಡಿ. ಹೊಲಿಯುವವರು ಯಾರೆಂದು ಓಣಿಯ ಹಿರಿಯ ಹೆಣ್ಣುಮಕ್ಕಳನ್ನು ಕೇಳಿ. ದಪ್ಪ ಸೂಜಿ, ಹತ್ತಿ ದಾರ ವಿಜಯಪುರದ ಪೇಟೆಯಲ್ಲಿ ಸಿಗುತ್ತವೆ.

ಒದ್ದೆಯಾದ ಕೌದಿ ಬಹಳ ಭಾರ. ಬೇಸಿಗೆಯ ಬಿಸಿಲಲ್ಲೇ ಒಗೆಯಿರಿ, ಪೂರ್ತಿ ಒಣಗಿದ ಮೇಲೆಯೇ ಮಡಚಿಡಿ.