ಗುರಿಕಾರರ ಹೊಣೆ ಇನ್ನು ಯಾರ ಹೆಗಲಿಗೆ?

ಆದಿತ್ಯವಾರದ ಬಲಿಪೂಜೆ ಮುಗಿದು ಜನರು ಇಗರ್ಜಿಯ ಅಂಗಳಕ್ಕೆ ಇಳಿಯುವ ಹೊತ್ತು. ಮಕ್ಕಳು ಧರ್ಮೋಪದೇಶದ ತರಗತಿಗೆ ಓಡುತ್ತಾರೆ. ಹಿರಿಯರು ಮಳೆ, ಬೆಳೆ, ಮೀನಿನ ದರಗಳ ಮಾತಿಗೆ ನಿಲ್ಲುತ್ತಾರೆ. ಆ ಗುಂಪಿನಲ್ಲಿ ಒಬ್ಬರು ಮಾತ್ರ ಮನಸ್ಸಿನಲ್ಲೇ ಏನನ್ನೋ ಲೆಕ್ಕ ಹಾಕುತ್ತಿರುತ್ತಾರೆ. ಮೂರನೆಯ ಬೆಂಚಿನಲ್ಲಿ ಪ್ರತಿ ವಾರ ಕಾಣಿಸುತ್ತಿದ್ದ ಬಾಯಮ್ಮ ಇಂದೇಕೆ ಬರಲಿಲ್ಲ? ಹೊಳೆಯಾಚೆಯ ಮನೆಯವರಿಗೆ ಏನಾಯಿತು? ಈ ಲೆಕ್ಕಕ್ಕೆ ಸಂಬಳವಿಲ್ಲ, ಪುಸ್ತಕವಿಲ್ಲ, ಸನ್ಮಾನವಂತೂ ಅಪರೂಪ. ಅವರೇ ನಮ್ಮ ವಾಳೆಯ ಗುರಿಕಾರರು.

ಕರಾವಳಿಯ ಕಥೊಲಿಕ ಕುಟುಂಬಗಳಲ್ಲಿ ಗುರಿಕಾರರನ್ನು ಅರಿಯದವರಿಲ್ಲ. ಆದರೆ ಅವರ ಸ್ಥಾನಕ್ಕೆ ಮುಂದೆ ಯಾರು ಬರುತ್ತಾರೆ ಎಂಬ ಪ್ರಶ್ನೆಗೆ ಮಾತ್ರ ಇಂದು ಸುಲಭವಾಗಿ ಉತ್ತರ ದೊರೆಯುತ್ತಿಲ್ಲ. ಬೈಂದೂರಿನಂತಹ ಸಣ್ಣ ಊರಿನ ಮಟ್ಟಿಗಂತೂ ಇದು ಬರಿಯ ಹುದ್ದೆಯ ಪ್ರಶ್ನೆಯಲ್ಲ, ಸಮುದಾಯದ ಉಳಿವಿನ ಪ್ರಶ್ನೆ ಎಂದರೆ ತಪ್ಪಾಗಲಾರದು.

ಈ ಮಣ್ಣಿನ ಹೆಸರು

ಕೊಂಕಣಿಯಲ್ಲಿ ನಾವು 'ಗುರ್ಕಾರ್' ಎನ್ನುವ ಪದ ಕನ್ನಡದ 'ಗುರಿಕಾರ'ನೇ ಆಗಿದೆ. ಇದೇ ಪದ ನಮ್ಮ ನೆರೆಯ ಮೊಗವೀರ ಬಾಂಧವರಲ್ಲಿಯೂ ಇದೆ. ಅವರ ಗ್ರಾಮಗಳಲ್ಲಿ ಜಾತಿಕೂಟದ ವ್ಯವಹಾರ, ದೈವ ದೇವರ ಕಾರ್ಯ, ಮದುವೆ ಮರಣಗಳ ವ್ಯವಸ್ಥೆಯನ್ನು ನೋಡಿಕೊಂಡು ಬಂದವರೂ ಗುರಿಕಾರರೇ. ನಮ್ಮ ಪೂರ್ವಜರು ಗೋವೆಯ ಕಡೆಯಿಂದ ಭಾಷೆಯನ್ನೂ ವಿಶ್ವಾಸವನ್ನೂ ತಂದರು. ಊರನ್ನು ಕಟ್ಟಿಕೊಂಡು ಬಾಳುವ ಕ್ರಮಕ್ಕೆ ಬೇಕಾದ ಹೆಸರನ್ನು ಈ ನೆಲದಿಂದಲೇ ಪಡೆದರು. 'ಹ್ವಾಯ್ ಪೊರ್ಬುಗಳೇ' ಎಂದು ಬೇಲಿಯಾಚೆಯಿಂದ ಕರೆಯುವ ನೆರೆಯವರಿಗೂ ನಮಗೂ ಇರುವ ನಂಟು ಎಷ್ಟು ಹಳೆಯದೆಂಬುದಕ್ಕೆ ಈ ಒಂದು ಪದವೇ ಸಾಕ್ಷಿ.

ಗುರಿಕಾರರ ಕೆಲಸವಾದರೂ ಏನು? ಧರ್ಮಕೇಂದ್ರವನ್ನು ವಾಳೆಗಳಾಗಿ ವಿಂಗಡಿಸಿ, ವಾಳೆಯ ಕುಟುಂಬಗಳೇ ಸೇರಿ ತಮ್ಮ ಗುರಿಕಾರರನ್ನು ಆರಿಸುವ ಪದ್ಧತಿ ನಮ್ಮಲ್ಲಿದೆ. ಧರ್ಮಗುರುಗಳ ಸೂಚನೆಯನ್ನು ಮನೆಗಳಿಗೆ ಮುಟ್ಟಿಸುವುದು, ಮನೆಗಳ ಕಷ್ಟವನ್ನು ಧರ್ಮಗುರುಗಳಿಗೆ ತಿಳಿಸುವುದು, ವಾಳೆಯ ಕೂಟವನ್ನು ಕರೆಯುವುದು, ವಂತಿಗೆ ಸಂಗ್ರಹಿಸುವುದು ಅವರ ನಿತ್ಯದ ಹೊಣೆ. ಮದುವೆಯ ಮುನ್ನಾದಿನದ ರೋಸ್ ಸಮಾರಂಭದಲ್ಲಿ ಗುರಿಕಾರರಿಗೆ ಗೌರವದ ಆಸನವಿದೆ. ಮರಣ ಸಂಭವಿಸಿದಾಗಲಂತೂ ಮನೆಯವರು ಅಳುತ್ತಾ ಕುಳಿತಿರುವಾಗ ಇಗರ್ಜಿಗೆ ಸುದ್ದಿ ಮುಟ್ಟಿಸಿ, ಗಂಟೆ ಬಾರಿಸುವಂತೆ ಮಾಡಿ, ಗುಂಡಿ ತೋಡುವವರನ್ನು ಗೊತ್ತುಮಾಡಿ, ದೂರದ ಬಂಧುಗಳಿಗೆ ಹೇಳಿ ಕಳುಹಿಸಿ, ರಾತ್ರಿಯ ಪ್ರಾರ್ಥನೆಗೆ ಕುರ್ಚಿ ಹಾಕಿಸುವವರು ಅವರೇ.

ಸಂತ ಜೋಸೆಫ್ ವಾಜ್‌ರ ಪಾಠ

ಶ್ರೀಸಾಮಾನ್ಯ ವಿಶ್ವಾಸಿಗಳ ಹೆಗಲ ಮೇಲೆ ಧರ್ಮಸಭೆ ನಿಲ್ಲಬಲ್ಲದು ಎಂಬುದಕ್ಕೆ ನಮ್ಮ ಕುಂದಾಪುರ ಸೀಮೆಯಲ್ಲಿ ನಡೆದಾಡಿದ ಸಂತರೊಬ್ಬರ ಜೀವನವೇ ಉದಾಹರಣೆ. ಗೋವೆಯಲ್ಲಿ 1651ರಲ್ಲಿ ಹುಟ್ಟಿದ ಜೋಸೆಫ್ ವಾಜ್‌ರು 1681ರಿಂದ 1684ರವರೆಗೆ ಕನ್ನಡ ಕರಾವಳಿಯಲ್ಲಿ ಸೇವೆ ಸಲ್ಲಿಸಿದರು. ಕುಂದಾಪುರದ ರೊಜಾರಿ ಇಗರ್ಜಿಯವರು ಇಂದಿಗೂ ಅವರ ನೆನಪನ್ನು ಭಕ್ತಿಯಿಂದ ಕಾಪಾಡಿಕೊಂಡು ಬಂದಿದ್ದಾರೆ. ಇಲ್ಲಿಂದ ಹಿಂದಿರುಗಿದ ಬಳಿಕ ಅವರು 1687ರಲ್ಲಿ ಕೂಲಿಯಾಳಿನ ವೇಷದಲ್ಲಿ ಸಿಂಹಳಕ್ಕೆ ಹೋದರು. ಡಚ್ಚರ ಆಡಳಿತದಲ್ಲಿ ಅಲ್ಲಿ ಕಥೊಲಿಕ ಗುರುಗಳಿಗೆ ಪ್ರವೇಶವಿರಲಿಲ್ಲ. ಇಡೀ ದ್ವೀಪದಲ್ಲಿ ಚದರಿಹೋಗಿದ್ದ ವಿಶ್ವಾಸಿಗಳನ್ನು ಒಬ್ಬಿಬ್ಬರು ಗುರುಗಳು ತಲಪುವುದಾದರೂ ಹೇಗೆ? ಅವರು ಊರೂರಿನಲ್ಲಿ ಶ್ರೀಸಾಮಾನ್ಯರನ್ನೇ ಮುಖ್ಯಸ್ಥರನ್ನಾಗಿಯೂ ಉಪದೇಶಿಗಳನ್ನಾಗಿಯೂ ನೇಮಿಸಿದರು. ಗುರುಗಳು ಬಾರದ ತಿಂಗಳುಗಳಲ್ಲಿ ಜನರನ್ನು ಪ್ರಾರ್ಥನೆಗೆ ಸೇರಿಸುವುದು, ಮಕ್ಕಳಿಗೆ ಕಲಿಸುವುದು, ರೋಗಿಗಳನ್ನು ನೋಡಿಕೊಳ್ಳುವುದು ಅವರ ಪಾಲಿನದಾಯಿತು. 1711ರಲ್ಲಿ ವಾಜ್‌ರು ಕ್ಯಾಂಡಿಯಲ್ಲಿ ನಿಧನ ಹೊಂದಿದರು. ಕಟ್ಟಿದ ಸಮುದಾಯ ಉಳಿಯಿತು. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್‌ರು ಕೊಲಂಬೊದಲ್ಲಿ ಅವರನ್ನು ಸಂತರೆಂದು ಘೋಷಿಸಿದರು.

ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಶ್ರೀಸಾಮಾನ್ಯರ ಕರ್ತವ್ಯದ ಬಗ್ಗೆಯೇ ಪ್ರತ್ಯೇಕ ಆದೇಶಪತ್ರವನ್ನು ಹೊರಡಿಸಿತು. 1983ರ ಧರ್ಮಸಭಾ ಕಾನೂನು ಪ್ರತಿ ಧರ್ಮಕೇಂದ್ರದಲ್ಲಿಯೂ ಆರ್ಥಿಕ ಸಮಿತಿ ಇರಲೇಬೇಕೆಂದು ವಿಧಿಸಿತು. ಪಾಲನಾ ಮಂಡಳಿಗೂ ಸ್ಥಾನ ಕಲ್ಪಿಸಿತು. ಆದರೆ ಕಾಗದದ ಮೇಲಿನ ಮಂಡಳಿಗೆ ಜೀವ ಬರುವುದು ವಾಳೆಯಲ್ಲಿ ಮನೆಮನೆಗೆ ನಡೆದು ಹೋಗುವ ಕಾಲುಗಳಿಂದ ಎಂಬುದನ್ನು ಮರೆಯಬಾರದು.

ಬೈಂದೂರಿನ ಚಿತ್ರ

ಪಶ್ಚಿಮಕ್ಕೆ ಒತ್ತಿನೆಣೆ, ಸೋಮೇಶ್ವರದ ಕಡಲು. ಪೂರ್ವಕ್ಕೆ ಕೊಡಚಾದ್ರಿಯ ಸಾಲು. ನಡುವೆ ಗದ್ದೆ, ತೋಟ, ಹೆದ್ದಾರಿ. ಇದು ಬೈಂದೂರು. ಇಲ್ಲಿ ಕಲ್ಯಾಣಪುರ, ಶಿರ್ವದ ಕಡೆಗಿರುವಂತೆ ಒತ್ತಾಗಿ ಕಥೊಲಿಕ ಮನೆಗಳಿಲ್ಲ. ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಗದ್ದೆಯ ಬಯಲೋ ಹೊಳೆಯೋ ಇರುತ್ತದೆ. ಘಟ್ಟದ ಬುಡದ ಮುದೂರು, ಜಡ್ಕಲ್‌ಗಳ ಕಡೆ ಕೇರಳದಿಂದ ಬಂದು ರಬ್ಬರ್ ಕೃಷಿಯಲ್ಲಿ ನೆಲೆನಿಂತ ಸೀರೋ ಮಲಬಾರ್ ಹಾಗೂ ಇತರ ಪಂಗಡಗಳ ಕುಟುಂಬಗಳಿವೆ. ವಿಧಿ ಬೇರೆ, ಮಾತೃಭಾಷೆ ಬೇರೆ. ಸಂತೆಯಲ್ಲಿ, ಆಸ್ಪತ್ರೆಯಲ್ಲಿ, ಶಾಲೆಯ ಅಂಗಳದಲ್ಲಿ ಭೇಟಿಯಾದಾಗ ಎಲ್ಲರ ಮಾತು ಕನ್ನಡವೇ.

ಹೋಲಿ ಕ್ರಾಸ್ ಇಗರ್ಜಿ ಇಲ್ಲಿನ ಕಥೊಲಿಕರ ಕೇಂದ್ರ. ಬಹುಕಾಲ ಮಂಗಳೂರು ಧರ್ಮಪ್ರಾಂತ್ಯದ ಉತ್ತರದ ಅಂಚಿನಲ್ಲಿದ್ದ ಈ ಭಾಗವು 2012ರಲ್ಲಿ ಉಡುಪಿ ಧರ್ಮಪ್ರಾಂತ್ಯ ಸ್ಥಾಪನೆಯಾದಾಗ ಅದಕ್ಕೆ ಸೇರಿತು. ಆಡಳಿತದಲ್ಲಿಯೂ ಹಾಗೆಯೇ ಆಯಿತು. 1997ರಲ್ಲಿ ಉಡುಪಿ ಜಿಲ್ಲೆಯಾಯಿತು; ಕುಂದಾಪುರ ತಾಲೂಕಿನ ಭಾಗವಾಗಿದ್ದ ಬೈಂದೂರು 2018ರಲ್ಲಿ ತಾನೇ ತಾಲೂಕು ಕೇಂದ್ರವಾಯಿತು. ಕಚೇರಿಗಳು ಹತ್ತಿರ ಬಂದವು. ಆದರೆ ಕಚೇರಿಯ ಮೆಟ್ಟಿಲು ಹತ್ತಲು ಶಕ್ತಿಯಿಲ್ಲದ ಹಿರಿಯರ ಕೈಹಿಡಿದು ಕರೆದೊಯ್ಯುವವರು ಹತ್ತಿರದಲ್ಲಿದ್ದಾರೆಯೇ?

ಬೀಗ ಹಾಕಿದ ಮನೆಗಳು

ನಮ್ಮ ಕಡೆಯ ಮಕ್ಕಳು ದುಡಿಮೆಗಾಗಿ ಮುಂಬಯಿಗೆ ಹೋದದ್ದು ಇಂದು ನಿನ್ನೆಯ ಮಾತಲ್ಲ. ಆಮೇಲೆ ಕೊಲ್ಲಿ ರಾಷ್ಟ್ರಗಳು, ಈಗ ಬೆಂಗಳೂರು, ಇಸ್ರೇಲ್, ಐರೋಪ್ಯ ದೇಶಗಳು. 1998ರಲ್ಲಿ ಕೊಂಕಣ ರೈಲು ಮಾರ್ಗ ಪೂರ್ಣಗೊಂಡ ಮೇಲೆ ಬೈಂದೂರಿನ ಮೂಕಾಂಬಿಕಾ ರೋಡ್ ನಿಲ್ದಾಣದಿಂದಲೇ ಮುಂಬಯಿಯ ರೈಲು ಹಿಡಿಯುವಂತಾಯಿತು. ಬಸ್ಸಿನಲ್ಲಿ ಮೈಕೈ ನೋಯಿಸಿಕೊಂಡು ಹೋಗುತ್ತಿದ್ದ ಪ್ರಯಾಣ ಸುಗಮವಾಯಿತು. ಊರಿಗೆ ಬರುವುದು ಸುಲಭವಾದಂತೆ ಊರು ಬಿಡುವುದೂ ಸುಲಭವಾಯಿತು.

ದುಡಿಯಲು ಹೋದವರನ್ನು ದೂರುವಂತಿಲ್ಲ. ಅವರು ಕಳುಹಿಸಿದ ಹಣದಿಂದಲೇ ಹಂಚಿನ ಮಾಡು ತಾರಸಿಯಾಯಿತು, ತಂಗಿಯರ ಮದುವೆಯಾಯಿತು, ಇಗರ್ಜಿಯ ಕಟ್ಟಡಗಳೂ ಮೇಲೆದ್ದವು. ಆದರೆ ಹೊಸ ಮನೆಯಲ್ಲಿ ಇಂದು ವಾಸಿಸುವವರು ಯಾರು? ಕೆಲವೆಡೆ ಬೀಗ, ಕೆಲವೆಡೆ ಎಪ್ಪತ್ತು ದಾಟಿದ ಇಬ್ಬರು, ಕೆಲವೆಡೆ ಒಬ್ಬರೇ. ಎಷ್ಟೋ ವಾಳೆಗಳಲ್ಲಿ ಗುರಿಕಾರರ ಮನೆಯ ಗೋಡೆಯ ಮೊಳೆಗೆ ನೆರೆಮನೆಗಳ ಕೀಲಿಕೈಗಳು ತೂಗುತ್ತಿರುತ್ತವೆ. ಅಡಿಕೆ ತೋಟಕ್ಕೆ ನೀರು ಬಿಡಿಸುವುದು, ಮಳೆಗಾಲಕ್ಕೆ ಮುನ್ನ ಹಂಚು ನೋಡಿಸುವುದು, ತೆರಿಗೆಯ ರಶೀದಿ ಪಡೆಯುವುದು ಎಲ್ಲವೂ ಅವರ ಪಾಲಿಗೆ ಬಂದಿದೆ. ಆ ಗುರಿಕಾರರಿಗೂ ಈಗ ವಯಸ್ಸಾಗಿದೆ. ಅವರ ಮಕ್ಕಳೂ ಊರಿನಲ್ಲಿಲ್ಲ.

ವಾಳೆಯ ಕೂಟದಲ್ಲಿ ಹೊಸ ಗುರಿಕಾರರನ್ನು ಆರಿಸುವ ಹೊತ್ತು ಬಂದಾಗ ಏನಾಗುತ್ತದೆ ಎಂಬುದು ನಮಗೆಲ್ಲರಿಗೂ ಗೊತ್ತಿದೆ. ಎಲ್ಲರೂ ನೆಲ ನೋಡುತ್ತಾರೆ. 'ನನಗೆ ಪುರುಸೊತ್ತಿಲ್ಲ' ಎಂದು ಒಬ್ಬರು, 'ನನಗೆ ಮಾತನಾಡಲು ಬರುವುದಿಲ್ಲ' ಎಂದು ಇನ್ನೊಬ್ಬರು. ಕಡೆಗೆ 'ಇದೊಂದು ಸಲ ನೀವೇ ಮುಂದುವರಿಸಿ' ಎಂದು ಹಳಬರ ಕೈಹಿಡಿಯಲಾಗುತ್ತದೆ. ಎಲ್ಲರೂ ಚಪ್ಪಾಳೆ ತಟ್ಟಿ ಚಹಾ ಕುಡಿದು ಎದ್ದು ಹೋಗುತ್ತಾರೆ. ಆ ಚಪ್ಪಾಳೆಯಲ್ಲಿ ಗೌರವಕ್ಕಿಂತ ನಮ್ಮ ನಿರಾಳತೆಯೇ ಹೆಚ್ಚಿತ್ತೆಂದು ಒಪ್ಪಿಕೊಳ್ಳುವುದು ಪ್ರಾಮಾಣಿಕತೆ.

ಮೊಂತಿ ಹಬ್ಬದ ತೆನೆ

ಹಂಚಿಕೊಂಡ ಕೆಲಸ ಎಷ್ಟು ಹಗುರವೆಂಬುದನ್ನು ನೋಡಬೇಕಾದರೆ ಸೆಪ್ಟೆಂಬರ್ 8ರ ಮೊಂತಿ ಹಬ್ಬವನ್ನು ನೋಡಬೇಕು. ಕನ್ಯಾ ಮರಿಯಮ್ಮನವರ ಜನ್ಮದಿನಕ್ಕೆ ಮುನ್ನ ಒಂಬತ್ತು ದಿನ ಮಕ್ಕಳು ಬುಟ್ಟಿ ತುಂಬ ಹೂ ತರುತ್ತಾರೆ. ಯಾರದೋ ಗದ್ದೆಯಿಂದ ಹೊಸ ತೆನೆ ಬರುತ್ತದೆ, ಯಾರೋ ಕಬ್ಬು ತರಿಸುತ್ತಾರೆ, ಯಾರೋ ಶಾಮಿಯಾನದ ಹಗ್ಗ ಕಟ್ಟುತ್ತಾರೆ. ಆಶೀರ್ವದಿಸಿದ ತೆನೆ ಗುರಿಕಾರರ ಮೂಲಕ ವಾಳೆಗೆ, ವಾಳೆಯಿಂದ ಮನೆಗೆ ತಲಪುತ್ತದೆ. ಕಾಳುಗಳನ್ನು ಸುಲಿದು ಹಾಲಿಗೋ ಪಾಯಸಕ್ಕೋ ಬೆರೆಸಿ, ಬಾಳೆಯೆಲೆಯ ಮೇಲೆ ತರಕಾರಿಗಳ ಊಟವನ್ನು ಮನೆಮಂದಿಯೆಲ್ಲ ಕುಳಿತು ಉಣ್ಣುತ್ತಾರೆ. ಊರಿನಲ್ಲಿಲ್ಲದ ಮಗನ ಪಾಲಿನ ಒಂದು ತೆನೆಯನ್ನು ಹಿಂದೆ ಅಂಚೆಯಲ್ಲಿ ಕಳುಹಿಸುತ್ತಿದ್ದ ತಾಯಂದಿರಿದ್ದರು.

ಹಾಸಿಗೆ ಹಿಡಿದವರ ಮನೆಗೆ ತೆನೆ ಮುಟ್ಟಿಸುವವರು ಇಲ್ಲವಾದರೆ ಆ ಮನೆಗೆ ಹಬ್ಬವೇ ಇಲ್ಲ. ವಾಳೆಯ ವ್ಯವಸ್ಥೆಯ ಬೆಲೆ ಇಷ್ಟು ಸರಳ.

ಬೇಲಿಯಾಚೆಗೂ ಚಾಚಿದ ಕೈ

ನಮ್ಮ ಸಂಘಟನೆ ನಮ್ಮವರಿಗಷ್ಟೇ ಎಂದು ಯಾರೂ ತಿಳಿಯಬಾರದು. 2016ರ ಜೂನ್ 21ರ ಬೆಳಗ್ಗೆ ತ್ರಾಸಿ ಸಮೀಪದ ಮೊವಾಡಿ ಕ್ರಾಸ್‌ನಲ್ಲಿ ಶಾಲಾ ವಾಹನಕ್ಕೂ ಬಸ್ಸಿಗೂ ಡಿಕ್ಕಿಯಾಗಿ ಎಂಟು ಮಕ್ಕಳು ಪ್ರಾಣ ಕಳಕೊಂಡ ದುರಂತವನ್ನು ಈ ಸೀಮೆಯ ಯಾವ ತಾಯಿತಂದೆಯೂ ಮರೆತಿಲ್ಲ. ಅಂತಹ ಗಳಿಗೆಯಲ್ಲಿ ಮೊದಲು ಓಡಿ ಬರುವವರು ಪಕ್ಕದ ಅಂಗಡಿಯವರು, ರಿಕ್ಷಾದವರು, ಗದ್ದೆಯಲ್ಲಿದ್ದವರು. ಅವರು ಯಾವ ಧರ್ಮದವರೆಂದು ಯಾರೂ ಕೇಳುವುದಿಲ್ಲ. ಈ ಋಣ ತೀರಿಸುವಂತಹದಲ್ಲ. ಆದರೆ ನೆರೆಯವರ ಮನೆಗೆ ಕಷ್ಟ ಬಂದಾಗ ನಾವೂ ಹಾಗೆಯೇ ಓಡಿದರೆ ಅದನ್ನು ನೆನೆದಂತಾಗುತ್ತದೆ.

ಊರಿನ ಕೆಲಸವೆಂದರೆ ಆಪತ್ತಿನ ಹೊತ್ತಿನ ಓಟ ಮಾತ್ರವಲ್ಲ. ಕರ್ನಾಟಕದ 1993ರ ಪಂಚಾಯತ್ ರಾಜ್ ಕಾನೂನಿನ ಪ್ರಕಾರ ಗ್ರಾಮಸಭೆಗಳು ನಡೆಯುತ್ತವೆ. ಶಿರೂರು, ಉಪ್ಪುಂದದಂತಹ ಗ್ರಾಮಗಳಲ್ಲಿ ಕುಡಿಯುವ ನೀರು, ಕಾಲುಸಂಕ, ದಾರಿದೀಪ, ವೃದ್ಧಾಪ್ಯ ವೇತನಗಳ ಮಾತು ಅಲ್ಲಿ ಬರುತ್ತದೆ. ಆ ಸಭೆಯಲ್ಲಿ ನಮ್ಮವರು ಎಷ್ಟು ಮಂದಿ ಕುಳಿತಿರುತ್ತೇವೆ? ಇಗರ್ಜಿಯ ಅಂಗಳದಲ್ಲಿ ಹೊಂಡ ಬಿದ್ದ ರಸ್ತೆಯ ಬಗ್ಗೆ ಅರ್ಧ ಗಂಟೆ ಮಾತನಾಡುವ ನಾವು ಗ್ರಾಮಸಭೆಯಲ್ಲಿ ಐದು ನಿಮಿಷ ಎದ್ದು ನಿಂತು ಮಾತನಾಡಿದರೆ ಅದರಿಂದ ಎಲ್ಲ ಸಮುದಾಯದವರಿಗೂ ಉಪಕಾರವಾದೀತು. ಸಂಖ್ಯೆ ಕಡಿಮೆಯೆಂಬುದು ಸುಮ್ಮನಿರಲು ಕಾರಣವಲ್ಲ.

ಏನು ಮಾಡಬಹುದು?

ಹೊಣೆ ಭಾರವಾಗಿರುವುದು ಅದು ಒಬ್ಬರ ಮೇಲೇ ಬಿದ್ದಿರುವುದರಿಂದ. ಗುರಿಕಾರರ ಜೊತೆಗೆ ಪ್ರತಿ ವಾಳೆಯಲ್ಲಿಯೂ ಒಬ್ಬ ಯುವಕನೋ ಯುವತಿಯೋ ಸಹಾಯಕರಾಗಿ ನಿಂತರೆ ಎರಡು ವರ್ಷಗಳಲ್ಲಿ ಕೆಲಸ ತಾನಾಗಿ ಕೈಬದಲಾಗುತ್ತದೆ. ಕಾಲೇಜಿಗೆ ಹೋಗುವ ಹುಡುಗಿಗೆ ಮೊಬೈಲಿನಲ್ಲಿ ಅರ್ಜಿ ತುಂಬುವುದು ತಿಳಿದಿದೆ. ಗುರಿಕಾರರಿಗೆ ಯಾವ ಮನೆಯ ಬಾಗಿಲು ತಟ್ಟಬೇಕೆಂಬುದು ತಿಳಿದಿದೆ. ಇವೆರಡೂ ಸೇರಿದಲ್ಲಿ ಒಂಟಿ ಅಜ್ಜಿಯ ಪಿಂಚಣಿ ನಿಲ್ಲುವುದಿಲ್ಲ.

ಹಲವು ಧರ್ಮಕೇಂದ್ರಗಳಲ್ಲಿ ಸ್ತ್ರೀಯರು ಗುರಿಕಾರರಾಗಿ ಸಮರ್ಥವಾಗಿ ಸೇವೆ ಸಲ್ಲಿಸುತ್ತಿದ್ದಾರೆ. ಮನೆಯೊಳಗಿನ ಕಷ್ಟ ಅಡುಗೆಮನೆಯ ಬಾಗಿಲಿನಿಂದಲೇ ಮೊದಲು ಕಾಣುವುದು. ಅದನ್ನು ಕಾಣಬಲ್ಲವರನ್ನು ಹೊರಗಿಡುವುದು ಜಾಣತನವಲ್ಲ. ವಾಳೆಯಲ್ಲಿ ಒಂಟಿಯಾಗಿರುವ ಹಿರಿಯರು ಯಾರು, ರಕ್ತದ ಗುಂಪು ಯಾವುದು, ರಾತ್ರಿಯ ಹೊತ್ತು ವಾಹನ ಕೊಡಬಲ್ಲವರು ಯಾರು ಎಂಬುದನ್ನು ಬರೆದಿಟ್ಟ ಒಂದು ಸಣ್ಣ ಪುಸ್ತಕವಿದ್ದರೆ ಗುರಿಕಾರರು ಊರಿನಲ್ಲಿಲ್ಲದ ದಿನವೂ ಕೆಲಸ ನಿಲ್ಲದು. ಪರವೂರಿನಲ್ಲಿರುವವರಿಗೂ ಒಂದು ಮಾತು: ಹಬ್ಬಕ್ಕೆ ಹಣ ಕಳುಹಿಸುವುದು ಒಳ್ಳೆಯದೇ, ಅದರೊಡನೆ ರಜೆಯಲ್ಲಿ ಬಂದಾಗ ವಾಳೆಯ ಕೂಟಕ್ಕೆ ಒಂದು ಸಂಜೆ ಬನ್ನಿ. ನಿಮ್ಮ ಮನೆಯ ಕೀಲಿಕೈ ಇಟ್ಟುಕೊಂಡವರ ಯೋಗಕ್ಷೇಮವನ್ನು ನೀವೂ ಒಮ್ಮೆ ವಿಚಾರಿಸಿ.

ಬಾಂಧವರೇ, ಈ ಆದಿತ್ಯವಾರ ಪೂಜೆ ಮುಗಿದ ಮೇಲೆ ಅಂಗಳದಲ್ಲಿ ನಿಮ್ಮ ವಾಳೆಯ ಗುರಿಕಾರರನ್ನು ಹುಡುಕಿ. ಅವರು ಇನ್ನೂ ಆ ಮೂರನೆಯ ಬೆಂಚಿನ ಲೆಕ್ಕದಲ್ಲೇ ಇರಬಹುದು. 'ಆ ಮನೆಗೆ ಇವತ್ತು ನಾನು ಹೋಗಿ ಬರುತ್ತೇನೆ' ಎಂದು ಹೇಳಿ ನೋಡಿ. ಅವರಿಗೆ ಇಷ್ಟು ವರ್ಷ ಯಾವ ಸಭೆಯಲ್ಲಿಯೂ ದೊರೆಯದ ಸನ್ಮಾನ ಆ ಒಂದು ಮಾತಿನಲ್ಲಿ ದೊರೆಯುವುದು ಎಂಬುದರಲ್ಲಿ ಸಂಶಯವಿಲ್ಲ.