ನಿದ್ದೆಗೊಂದು ಪಟ್ಟಿ, ಹರಟೆಗೊಂದು ಪಟ್ಟಿ

ಕಳೆದ ತಿಂಗಳು ಒಂದು ಸಂಜೆ ನಾನು ಬಚ್ಚಲಮನೆಯ ಬಾಗಿಲಲ್ಲೇ ಧೊಪ್ಪನೆ ಬಿದ್ದು ಗೊರಕೆ ಹೊಡೆಯತೊಡಗಿದೆ. ಸೋಫಾದ ಮೇಲೆ ಕೂತು ಕಾಫಿ ಕುಡಿಯುತ್ತಾ ಅದನ್ನು ನೋಡಿದವನೂ ನಾನೇ. ಮಗಳು ಲ್ಯಾಪ್‌ಟಾಪಿನಲ್ಲಿ ‘ದಿ ಸಿಮ್ಸ್ 4’ ಆಡುತ್ತಿದ್ದಳು. ಅದರೊಳಗಿನ ಗೊಂಬೆಯೊಂದಕ್ಕೆ ನನ್ನ ಹೆಸರು, ನನ್ನ ಕನ್ನಡಕ, ನನ್ನ ಹೊಟ್ಟೆ ಎಲ್ಲವನ್ನೂ ಕೊಟ್ಟಿದ್ದಳು.

“ಅಪ್ಪಾ, ನಿನ್ನ ಎನರ್ಜಿ ಪೂರ್ತಿ ಖಾಲಿ. ಪಕ್ಕದ ಮನೆ ಆಂಟಿ ಜೊತೆ ಎರಡು ಮಾತಾಡಿ ಬಾ ಅಂತ ಕಳಿಸಿದ್ರೆ ದಾರೀಲೇ ಬಿದ್ದೋದೆ.”

ಅಮ್ಮ ಹತ್ತಿಕಾಳು ಬಿಡಿಸಿ ಬತ್ತಿ ಹೊಸೆಯುತ್ತಿದ್ದವರು ಕತ್ತೆತ್ತಿ ನೋಡಿದರು. “ಎಬ್ಬಿಸಬೇಡ್ವೇ, ಪಾಪ. ಒಂದು ಹೊದಿಕೆ ಹೊದಿಸು.” ನೆಲದ ಮೇಲೆ ಬಿದ್ದವರಿಗೆ ಹೊದಿಸಲು ಆ ಆಟದಲ್ಲಿ ಅವಕಾಶವಿಲ್ಲ. ಮಗಳು ಹುಡುಕಿ ನೋಡಿದಳು ಕೂಡ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಇದರಲ್ಲಿ ಗೆಲುವು ಸೋಲು ಅಂತಿಲ್ಲ. ಸಿಮ್‌ಗಳೆಂಬ ಪುಟ್ಟ ಜನಕ್ಕೆ ಮನೆ ಕಟ್ಟಿಕೊಟ್ಟು ಸಂಸಾರ ನಡೆಸಿದರಾಯಿತು. ಒಬ್ಬೊಬ್ಬರಿಗೂ ಆರು ಪಟ್ಟಿಗಳಿವೆ: ಹಸಿವು, ಶೌಚ, ಸ್ನಾನ, ಮೋಜು, ನಿದ್ದೆ (ಮಗಳು ‘ಎನರ್ಜಿ’ ಅಂದದ್ದು ಇದನ್ನೇ), ಒಡನಾಟ. ಹಸಿರಿದ್ದ ಪಟ್ಟಿ ಹೊತ್ತು ಕಳೆದಂತೆ ಹಳದಿಗೆ ತಿರುಗಿ ಕೊನೆಗೆ ಕೆಂಪಾಗುತ್ತದೆ. ಅಲ್ಲಿಯ ಒಂದು ನಿಮಿಷವೆಂದರೆ ನಮ್ಮ ಒಂದು ಸೆಕೆಂಡ್. ಹಾಗಾಗಿ ಅವರ ಇಡೀ ದಿನ ನಮ್ಮ 24 ನಿಮಿಷಕ್ಕೆ ಮುಗಿಯುತ್ತದೆ. ನಿವೇಶನಗಳಲ್ಲಿ 40×30ರದ್ದೂ ಒಂದಿದೆ. ಅಳತೆ ಅಡಿಯದಲ್ಲ, ಆಟದ ಚೌಕಗಳದ್ದು. ಆದರೂ ಬೆಂಗಳೂರಿನ ಕೆಂಗೇರಿ ಉಪನಗರದ 30×40 ಅಡಿ ನಿವೇಶನದ ಮನೆಯಲ್ಲಿ ಬೆಳೆದ ಹುಡುಗಿಗೆ ಆ ಸಂಖ್ಯೆ ಕಂಡರೆ ಸುಮ್ಮನಿರಲಾದೀತೇ? ನಮ್ಮ ಮನೆಯನ್ನೇ ಕಟ್ಟಿದಳು. ಮುಂದೆ ಕಾರು ನಿಲ್ಲಿಸುವ ಜಾಗ, ಪಕ್ಕದಲ್ಲಿ ಮಹಡಿ ಮೆಟ್ಟಿಲು, ಒಳಗೆ ಸಾಲಾಗಿ ಕೋಣೆಗಳು.

ಆರು ಪಟ್ಟಿಗಳಲ್ಲಿ ನಾಲ್ಕರದ್ದು ಅಂಥ ರಗಳೆಯಿಲ್ಲ. ತಲೆನೋವು ತರುವುದು ನಿದ್ದೆ ಮತ್ತು ಒಡನಾಟ, ಯಾಕೆಂದರೆ ಎರಡೂ ಕಣ್ಣಿಡುವುದು ಅದೇ ಸಂಜೆಯ ಹೊತ್ತಿನ ಮೇಲೆ. ನಿದ್ದೆಯನ್ನಾದರೂ ಅಷ್ಟಿಷ್ಟು ದುಡ್ಡಿಗೆ ಕೊಳ್ಳಬಹುದು: ದುಬಾರಿ ಮಂಚದ ಮೇಲೆ ಮಲಗಿದರೆ ಪಟ್ಟಿ ಬೇಗ ತುಂಬುತ್ತದೆ. ಒಡನಾಟಕ್ಕೆ ಅಂಥ ಮಂಚವಿಲ್ಲ. ಇನ್ನೊಬ್ಬರು ಬೇಕು, ಅವರು ಎಚ್ಚರವಿರಬೇಕು, ಅವರಿಗೆ ಬಿಡುವಿರಬೇಕು. 2000ದಲ್ಲಿ ಬಂದ ಮೊದಲ ‘ದಿ ಸಿಮ್ಸ್’ ಆಟ ಇನ್ನೂ ನಿರ್ದಯಿಯಾಗಿತ್ತು. ಅದರಲ್ಲಿ ಭಾನುವಾರವೆಂಬುದೇ ಇರಲಿಲ್ಲ. ಮೇಲಾಗಿ, ಇಂತಿಷ್ಟು ಸ್ನೇಹಿತರಿಲ್ಲದಿದ್ದರೆ ಕೆಲಸದಲ್ಲಿ ಬಡ್ತಿಯೂ ಇಲ್ಲ!

ಇದನ್ನು ಕಟ್ಟಿದವನು ಅಮೆರಿಕದ ವಿಲ್ ರೈಟ್. 1989ರಲ್ಲಿ ‘ಸಿಮ್‌ಸಿಟಿ’ ಮಾಡಿ ಹೆಸರಾದವನು. 1991ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಓಕ್ಲೆಂಡ್ ಗುಡ್ಡಗಳಿಗೆ ಬಿದ್ದ ಬೆಂಕಿಯಲ್ಲಿ ಅವನ ಮನೆ ಸುಟ್ಟುಹೋಯಿತು. ಪೊರಕೆಯಿಂದ ಹಿಡಿದು ಮಂಚದವರೆಗೆ ಒಂದೊಂದನ್ನೂ ಮತ್ತೆ ಕೊಳ್ಳುವಾಗ, ಯಾವ ವಸ್ತು ಯಾವ ಅಗತ್ಯಕ್ಕೆ ಎಂಬ ಲೆಕ್ಕ ಅವನ ತಲೆಯೊಳಗೆ ಹೊಕ್ಕಿತು. ಮೊದಲು ಅವನು ಮಾಡಲು ಹೊರಟದ್ದು ಮನೆ ಕಟ್ಟುವ ಆಟ. ಮನೆ ಚೆನ್ನಾಗಿದೆಯೋ ಇಲ್ಲವೋ ಎಂದು ತೂಗಿನೋಡಲಷ್ಟೇ ಅದರೊಳಗೆ ಜನರನ್ನು ಬಿಟ್ಟ. ಆಮೇಲೆ ಜನರೇ ಆಟವಾಗಿಬಿಟ್ಟರು.

ಆ ಜನಕ್ಕೆ ಬುದ್ಧಿ ಕೊಟ್ಟ ಬಗೆ ನನಗೆ ಬಹಳ ಇಷ್ಟ. ಬುದ್ಧಿಯಿರುವುದು ಸಿಮ್‌ನ ತಲೆಯಲ್ಲಲ್ಲ, ಸಾಮಾನುಗಳಲ್ಲಿ. ಸಂತೆಯಲ್ಲಿ ಸೊಪ್ಪಿನವಳು, ಟೊಮೇಟೊದವನು ಕೂಗುತ್ತಾರಲ್ಲ, ಹಾಗೆ ಮನೆಯ ಪ್ರತಿ ವಸ್ತುವೂ ತನ್ನ ಸರಕನ್ನು ಕೂಗುತ್ತಿರುತ್ತದೆ. ಫ್ರಿಜ್ಜು ‘ಹಸಿವು ನೀಗಿಸ್ತೀನಿ ಬಾ’ ಅನ್ನುತ್ತದೆ, ಮಂಚ ‘ನಿದ್ದೆ ಕೊಡ್ತೀನಿ ಬಾ’ ಅನ್ನುತ್ತದೆ. ಸಿಮ್ ತನಗೆ ಯಾವುದು ಕಡಿಮೆಯಿದೆಯೋ ಅದಕ್ಕೆ ತಕ್ಕ ಕೂಗಿನತ್ತ ಹೆಜ್ಜೆ ಹಾಕುತ್ತಾನೆ. ಮನುಷ್ಯರೂ ಆ ಸಂತೆಯಲ್ಲಿ ಕೂಗುವವರೇ. ‘ಮಾತಿಗೆ ಸಿಗ್ತೀನಿ ಬಾ’ ಅನ್ನುವುದು ಅವರ ಸರಕು. ಇನ್ನೊಂದು ಸೂಕ್ಷ್ಮವೂ ಇದೆ. ದೂರ ಹೆಚ್ಚಿದಷ್ಟೂ ಕೂಗು ಕ್ಷೀಣಿಸುತ್ತದೆ. ರಾಜಾಜಿನಗರದಲ್ಲಿರುವ ನನ್ನ ಕಾಲೇಜು ಗೆಳೆಯನನ್ನು ನೋಡಿ ಒಂದು ವರ್ಷವಾಯಿತು. ಅವನೇನೋ ಕೂಗುತ್ತಲೇ ಇದ್ದಾನೆ. ಇಲ್ಲಿಗೆ ಕೇಳಿಸುವುದು ಮಂಚದ ಕೂಗು ಮಾತ್ರ.

ದೂರದ ಮಾತು ಬಂದದ್ದಕ್ಕೆ ಆಟದ ಮೇಲೆ ನನ್ನದೊಂದು ತಕರಾರು. ಮಗಳ ಸಿಮ್ ಅಪ್ಪ ಕೆಲಸಕ್ಕೆ ಹೊರಟರೆ ಗೇಟಿನ ಹತ್ತಿರ ಮಾಯವಾಗುತ್ತಾನೆ, ಕೆಲಸ ಮುಗಿದ ನಿಮಿಷಕ್ಕೆ ಅಲ್ಲೇ ಪ್ರತ್ಯಕ್ಷನಾಗುತ್ತಾನೆ. ನಾನು ಹಾಗಲ್ಲ. ಕೆಂಗೇರಿಗೆ ಮೆಟ್ರೊ ಬಂದದ್ದು 2021ರ ಆಗಸ್ಟ್‌ನಲ್ಲಿ. 2023ರ ಅಕ್ಟೋಬರ್ 9ರಿಂದ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ನೇರಳೆ ಮಾರ್ಗ ಒಂದೇ ಎಳೆಯಾಯಿತು, 43 ಕಿಲೋಮೀಟರಿಗೂ ಮಿಕ್ಕಿದ ಎಳೆ. ನನ್ನ ಕಚೇರಿ ಅದರ ಆ ತುದಿಯಲ್ಲಿ. ನಡಿಗೆ, ಕಾಯುವಿಕೆ ಎಲ್ಲ ಸೇರಿ ದಿನಕ್ಕೆ ಮೂರು ಗಂಟೆ ಹಿಡಿಯುತ್ತದೆ. ಆಟದ ಲೆಕ್ಕಕ್ಕೆ ಇಳಿಸಿದರೆ 24 ನಿಮಿಷದಲ್ಲಿ ಮೂರು ನಿಮಿಷ, ಅಂದರೆ ದಿನದ ಎಂಟನೇ ಒಂದು ಪಾಲು. ಈ ಪಾಲು ಯಾವ ಪಟ್ಟಿಯನ್ನು ತುಂಬುತ್ತದೆ? ಜ್ಞಾನಭಾರತಿ ದಾಟುವಷ್ಟರಲ್ಲಿ ನಮ್ಮ ಬೋಗಿಯ ಅರ್ಧ ಜನ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕಣ್ಣು ಮುಚ್ಚಿರುತ್ತಾರೆ. ನಿದ್ದೆಯೂ ಅಲ್ಲ, ಎಚ್ಚರವೂ ಅಲ್ಲ. ಪಕ್ಕದವನ ಹೆಗಲು ತಾಗುತ್ತಿರುತ್ತದೆ, ಹೆಸರು ಗೊತ್ತಿಲ್ಲ.

ವಿಲ್ ರೈಟ್‌ಗೆ ದಾರಿ ತೋರಿಸಿದ ಪುಸ್ತಕಗಳಲ್ಲಿ ವಾಸ್ತುಶಿಲ್ಪಿ ಕ್ರಿಸ್ಟೋಫರ್ ಅಲೆಗ್ಸಾಂಡರ್ ಮತ್ತು ಸಂಗಡಿಗರ ‘ಎ ಪ್ಯಾಟರ್ನ್ ಲ್ಯಾಂಗ್ವೇಜ್’ ಒಂದು. ಅದು ಬಂದದ್ದು 1977ರಲ್ಲಿ. ಊರು, ಕೇರಿ, ಮನೆ ಹೇಗಿದ್ದರೆ ಬದುಕು ಹಸನಾಗುತ್ತದೆ ಎಂಬುದನ್ನು 253 ಮಾದರಿಗಳಲ್ಲಿ ಹೇಳುವ ದಪ್ಪ ಪುಸ್ತಕ. ಅದರ 94ನೆಯ ಮಾದರಿ ನಾಲ್ಕು ಜನ ಓಡಾಡುವ ಕಡೆ ನಿಶ್ಚಿಂತೆಯಿಂದ ಮಲಗುವುದರ ಬಗ್ಗೆ. 242ನೆಯದು ಮನೆಯ ಮುಂಬಾಗಿಲ ಪಕ್ಕದ ಕೂರುವ ಆಸನದ ಬಗ್ಗೆ. ಇದನ್ನು ಅಮ್ಮನಿಗೆ ಹೇಳಿದೆ. “ಜಗಲಿ ಅಂತ ಹೇಳೋಕೆ ಅಷ್ಟು ದಪ್ಪ ಪುಸ್ತಕ ಬೇಕಿತ್ತಾ?” ಅಂದರು.

ಅಮ್ಮನ ತವರು ಮಾಗಡಿ ಕಡೆಯ ಹಳ್ಳಿ. ಅಲ್ಲಿನ ಜಗಲಿಯ ಮೇಲೆ ತಾತ ಮಧ್ಯಾಹ್ನ ಕಂಬಳಿ ಹಾಸಿ ಮಲಗುತ್ತಿದ್ದುದನ್ನು ನಾನೇ ನೋಡಿದ್ದೇನೆ. ದಾರಿಯಲ್ಲಿ ಹೋಗುವವರು “ಮಲಗಿದ್ದೀರಾ ಗೌಡ್ರೇ?” ಎಂದು ಕೇಳೋರು. ಇವರು ಕಣ್ಣು ಮುಚ್ಚಿಕೊಂಡೇ “ಹೂಂ ಕಣಪ್ಪ, ಮಳೆ ಆಯ್ತಾ ಆ ಕಡೆ?” ಅನ್ನೋರು. ಎರಡು ಮಾತಾಡಿ ಮತ್ತೆ ಗೊರಕೆ. ನಿದ್ದೆಯ ಪಟ್ಟಿಯೂ ಏರುತ್ತಿತ್ತು, ಹರಟೆಯ ಪಟ್ಟಿಯೂ ಏರುತ್ತಿತ್ತು, ಅದೂ ಒಂದೇ ಕಂಬಳಿಯ ಮೇಲೆ. ನಮ್ಮ 30×40ರಲ್ಲಿ ಆ ಜಗಲಿ ಇರಬೇಕಾದ ಜಾಗದಲ್ಲಿ ಕಾರು ಮಲಗಿದೆ.

ಈ ಆಟದಲ್ಲಿ ಪಳಗಿದವರು ಕೊನೆಗೆ ಬಂದು ನಿಲ್ಲುವುದೂ ಜಗಲಿಯ ಲೆಕ್ಕಕ್ಕೇ. ಕೆಂಪಾದದ್ದನ್ನು ಒಂದೊಂದಾಗಿ ತುಂಬಿಸಲು ಹೋದರೆ ದಿನ ಸಾಲುವುದಿಲ್ಲ. ಒಂದೇ ಕೆಲಸದಲ್ಲಿ ಎರಡು ತುಂಬಬೇಕು. 2014ರ ‘ಸಿಮ್ಸ್ 4’ರಲ್ಲಿ ಸಿಮ್‌ಗಳು ಉಣ್ಣುತ್ತಲೇ ಮಾತಾಡಬಲ್ಲರು. ಆದ್ದರಿಂದ ಒಂಟಿ ಕುರ್ಚಿ ತೆಗೆದು ನಾಲ್ಕು ಕುರ್ಚಿಯ ಮೇಜು ಹಾಕು, ಟೀವಿ ಮುಂದೆ ಉದ್ದನೆಯ ಸೋಫಾ ಹಾಕು ಎಂಬುದು ಆಡುವವರಿಗೆಲ್ಲ ಗೊತ್ತಿರುವ ಗುಟ್ಟು. ಬೆಂಗಳೂರಿಗೆ ಈ ಗುಟ್ಟು ಹೊಸದೇನಲ್ಲ. ಬೈಟು ಕಾಫಿಯನ್ನೇ ನೋಡಿ. ದರ್ಶಿನಿಯ ಮುಂದೆ ನಿಂತು ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಂಚಿಕೊಳ್ಳುವವರು ಉಳಿತಾಯಕ್ಕೆಂದು ಹಾಗೆ ಮಾಡುತ್ತಾರೆ ಎಂದು ನಾನು ನಂಬಿಲ್ಲ. ಸಿಮ್ಸ್‌ನಲ್ಲಿ ಕಾಫಿ ನಿದ್ದೆಯ ಪಟ್ಟಿಯನ್ನಷ್ಟೇ ಏರಿಸುತ್ತದೆ. ಬೈಟು ಕಾಫಿ ಅದನ್ನು ಅರ್ಧ ಏರಿಸಿ, ಪಕ್ಕದ ಪಟ್ಟಿಯನ್ನು ಪೂರ್ತಿ ತುಂಬಿಸುತ್ತದೆ.

ಒಡನಾಟವೂ ಹಸಿವಿನಂತೆ ದೇಹದ ಒಂದು ಅಗತ್ಯ ಎಂದು ಆಟ 2000ದಲ್ಲೇ ಪಟ್ಟಿ ಹಾಕಿತ್ತು. ಸರ್ಕಾರಗಳಿಗೆ ಇದು ಹೊಳೆಯಲು ತಡವಾಯಿತು. ಬ್ರಿಟನ್ 2018ರಲ್ಲಿ ಒಂಟಿತನದ ಹೊಣೆಯನ್ನು ಸಚಿವರೊಬ್ಬರಿಗೆ ಒಪ್ಪಿಸಿತು. 2023ರಲ್ಲಿ ಅಮೆರಿಕದ ಸರ್ಜನ್ ಜನರಲ್ ಒಂಟಿತನದ ವಿರುದ್ಧ ದೇಶಕ್ಕೇ ಎಚ್ಚರಿಕೆಯ ವರದಿ ಹೊರಡಿಸಿದರು. ಅಮೆರಿಕನ್ನರು ಗೆಳೆಯರ ಜೊತೆ ಮುಖಾಮುಖಿ ಕಳೆಯುವ ಹೊತ್ತು 2003ರಲ್ಲಿ ದಿನಕ್ಕೆ ಒಂದು ಗಂಟೆಯಿದ್ದದ್ದು 2020ಕ್ಕೆ 20 ನಿಮಿಷಕ್ಕೆ ಇಳಿದಿತ್ತು ಎಂದು ಅದು ಹೇಳುತ್ತದೆ. ಆ ವರದಿ ಹೊರಡಿಸಿದ ಸರ್ಜನ್ ಜನರಲ್ ವಿವೇಕ್ ಮೂರ್ತಿಯವರ ಮನೆತನದ ಊರು ಮಂಡ್ಯ ಜಿಲ್ಲೆಯ ಹಲ್ಲೆಗೆರೆ. ನಮ್ಮ ಕೆಂಗೇರಿಯನ್ನು ಹಾದು ಹೋಗುವ ಮೈಸೂರು ರಸ್ತೆ ಹಿಡಿದೇ ಅಲ್ಲಿಗೂ ಹೋಗಬೇಕು.

ಆಡುವವರ ಪಟ್ಟಿಗಳೂ ಕೆಂಪಾಗುತ್ತವೆ ಅನ್ನಿ. ನಿಮ್ಹಾನ್ಸ್ 2014ರಲ್ಲೇ ‘ಶಟ್’ ಎಂಬ ಕ್ಲಿನಿಕ್ ತೆರೆದದ್ದು ಗೇಮು, ಮೊಬೈಲುಗಳಲ್ಲಿ ಸಿಕ್ಕಿಬಿದ್ದವರಿಗಾಗಿ. ನಮ್ಮ ಮನೆಯಲ್ಲಿ ಅಷ್ಟು ದೂರ ಹೋಗಿಲ್ಲ. ರಾತ್ರಿ ಹತ್ತಾದರೆ ಅಮ್ಮ ಬಂದು ಲ್ಯಾಪ್‌ಟಾಪ್ ಮುಚ್ಚುತ್ತಾರೆ, ಸೇವ್ ಮಾಡಲೂ ಬಿಡುವುದಿಲ್ಲ.

ಕಳೆದ ಭಾನುವಾರ ಮಗಳು ಸಂಭ್ರಮದಿಂದ ಕರೆದಳು. ಆಟದಲ್ಲಿ ಸಿಮ್‌ಗಳ ಚಿಕ್ಕಪುಟ್ಟ ಆಸೆಗಳು ಈಡೇರಿದಂತೆಲ್ಲ ಅಂಕ ಕೂಡುತ್ತದೆ, ಆ ಅಂಕಕ್ಕೆ ವರ ಕೊಳ್ಳಬಹುದು. ಯಾರ ಒಡನಾಟವೂ ಬೇಡವಾಗುವ ‘ನೀಡ್ಸ್ ನೋ ಒನ್’ ಎಂಬ ವರವಿದೆ. ಎಂದಿಗೂ ದಣಿಯದ ‘ನೆವರ್ ವೀರಿ’ ಎಂಬ ವರವೂ ಇದೆ. ಇವಳು ತಿಂಗಳಿಡೀ ಕೂಡಿಟ್ಟು ನನ್ನ ಸಿಮ್‌ಗೆ ಎರಡನೆಯದನ್ನು ಕೊಂಡಿದ್ದಳು. “ಇನ್ಮೇಲೆ ನೀನು ಮಲಗೋದೇ ಬೇಡ ಅಪ್ಪಾ, ಎಷ್ಟು ಟೈಮ್ ಸಿಗತ್ತೆ ನೋಡು!”

ಮೂವರೂ ಕೂತು ನೋಡಿದೆವು. ಅಲ್ಲಿ ರಾತ್ರಿ ಎರಡು ಗಂಟೆ. ಹೆಂಡತಿ ಮಲಗಿದ್ದಾಳೆ, ಮಗಳು ಮಲಗಿದ್ದಾಳೆ, ಅಕ್ಕಪಕ್ಕದ ಮನೆಗಳ ದೀಪ ಆರಿವೆ. ನಿದ್ದೆಯ ಪಟ್ಟಿ ಹಚ್ಚ ಹಸಿರು, ಒಡನಾಟದ್ದು ಕೆಂಪು. ನನ್ನ ಸಿಮ್ ಅಡುಗೆಮನೆಗೆ ಹೋದ, ಬಂದ. ನಡುಮನೆಯಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ನಿಂತ. ಆಮೇಲೆ ಯಾರೂ ಹೇಳದೆಯೇ ಕಂಪ್ಯೂಟರ್ ಮುಂದೆ ಹೋಗಿ ಕೂತು ಯಾರ ಜೊತೆಗೋ ಚಾಟ್ ಮಾಡತೊಡಗಿದ. ನೀಲಿ ಬೆಳಕು ಅವನ ಕನ್ನಡಕದ ಮೇಲೆ ಬಿದ್ದಿತ್ತು.

“ಥೇಟ್ ಇವನೇ,” ಅಂದರು ಅಮ್ಮ, ಬತ್ತಿ ಹೊಸೆಯುತ್ತಾ.