ಫರ್ಮಿನ ಗಾಡಿ, ಪಾಲುದಾರನ ತೋಟ

ಇಬ್ಬರು ಸೇರಿ ನಡೆಸುವ ಶಾಮಿಯಾನ, ಪಾತ್ರೆ ಬಾಡಿಗೆ ಅಂಗಡಿ ಎಂದಿಟ್ಟುಕೊಳ್ಳಿ. ಮುಹೂರ್ತದ ದಿನಗಳಲ್ಲಿ ಒಬ್ಬ ಪಾಲುದಾರ ಒಂದಷ್ಟು ಕುರ್ಚಿ, ಕೊಪ್ಪರಿಗೆಗಳನ್ನು ಬಿಲ್ ಹಾಕದೆ ಕಳಿಸಿ ಬಾಡಿಗೆಯನ್ನು ಜೇಬಿಗಿಳಿಸುತ್ತಾನೆ. ಫರ್ಮಿನ ಗಾಡಿ ಅವನ ತೋಟಕ್ಕೆ ಗೊಬ್ಬರ ಹೊರುತ್ತದೆ, ಡೀಸೆಲ್ ಮಾತ್ರ ಫರ್ಮಿನ ಖರ್ಚಿನಲ್ಲಿ. ವಿಷಯ ತಿಳಿದ ಕೂಡಲೇ ಇನ್ನೊಬ್ಬ ಓಡುವುದು ಪೊಲೀಸ್ ಠಾಣೆಗೆ.

‘ಇದು ಸಿವಿಲ್ ಮ್ಯಾಟರ್’ ಎಂಬ ಉತ್ತರ ಕೇಳಿ ಅವನಿಗೆ ಸಿಟ್ಟು ಬರುವುದು ಸಹಜ. ಆದರೆ ಆ ಮಾತು ಬರೀ ಸಾಗಹಾಕುವ ಮಾತಲ್ಲ. 1965ರ ಕಾನೂನು ವರದಿಗಳಲ್ಲಿರುವ ವೇಲ್ಜಿ ರಾಘವ್ಜಿ ಪಟೇಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ನಂಬಿಕೆದ್ರೋಹದ ಆರೋಪದಲ್ಲಿ ಪಾಲುದಾರನೊಬ್ಬನಿಗಾಗಿದ್ದ ಶಿಕ್ಷೆಯನ್ನು ರದ್ದು ಮಾಡಿತು. ಫರ್ಮಿನ ಆಸ್ತಿಗೆ ಪಾಲುದಾರ ತಾನೂ ಒಡೆಯ. ಲೆಕ್ಕ ಚುಕ್ತಾ ಆಗುವವರೆಗೆ ಇಂತಿಷ್ಟು ಅವನದು, ಇಂತಿಷ್ಟು ಇವನದು ಎಂದು ಗೆರೆ ಎಳೆಯಲಾಗದು. ವಿಶೇಷ ಒಪ್ಪಂದದಿಂದ ಆಸ್ತಿಯನ್ನು ಅವನ ವಶಕ್ಕೆ ಒಪ್ಪಿಸಿದ್ದರೆ ಮಾತು ಬೇರೆ. ಸುಳ್ಳು ಸಹಿ ಹಾಕಿದ್ದರಂತೂ ಬೇರೆಯೇ ಕೇಸು.

ಹಾಗೆಂದು ಅವನು ತಿಂದದ್ದು ದಕ್ಕುತ್ತದೆ ಎಂದಲ್ಲ. 1932ರ ಪಾಲುದಾರಿಕೆ ಕಾಯ್ದೆಯ 15ನೇ ಕಲಂ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ ಫರ್ಮಿನ ಆಸ್ತಿ ಫರ್ಮಿನ ವ್ಯವಹಾರಕ್ಕೆ ಮಾತ್ರ. ಅದನ್ನು ಬಳಸಿ ಗಳಿಸಿದ ಲಾಭಕ್ಕೆ ಲೆಕ್ಕ ಕೊಟ್ಟು ಹಣ ತಂದುಹಾಕಬೇಕು ಎನ್ನುವುದು 16ನೇ ಕಲಂ. ಇದರ ಬೇರು ಹಳೆಯದು. 1853ರಲ್ಲಿ ತೀರ್ಪಾದ ಇಂಗ್ಲೆಂಡಿನ ಬೆಂಟ್ಲಿ–ಕ್ರೇವನ್ ಮೊಕದ್ದಮೆಯಲ್ಲಿ, ಸಕ್ಕರೆ ಕಾರ್ಖಾನೆಯೊಂದರ ಖರೀದಿ ನೋಡಿಕೊಳ್ಳುತ್ತಿದ್ದ ಪಾಲುದಾರ ಅಗ್ಗಕ್ಕೆ ಕೊಂಡ ತನ್ನದೇ ಸಕ್ಕರೆಯನ್ನು ಮಾರುಕಟ್ಟೆ ಬೆಲೆಗೆ ಫರ್ಮಿಗೆ ಮಾರಿದ. ಬೆಲೆಯಲ್ಲಿ ಮೋಸವಿರಲಿಲ್ಲ, ಆದರೆ ಮಾರುತ್ತಿರುವುದು ತಾನೇ ಎಂದು ಜೊತೆಗಾರರಿಗೆ ಹೇಳಿರಲಿಲ್ಲ. ಲಾಭವೆಲ್ಲ ಫರ್ಮಿಗೇ ಸೇರಬೇಕೆಂದು ಕೋರ್ಟು ಹೇಳಿತು.

ಆದ್ದರಿಂದ ಮೊದಲು ಹಿಡಿಯಬೇಕಾದ್ದು ಅವನ ಕೊರಳಪಟ್ಟಿಯಲ್ಲ, ಲೆಡ್ಜರು. ಫರ್ಮಿನ ಲೆಕ್ಕಪುಸ್ತಕ ನೋಡುವ, ನಕಲು ಮಾಡಿಕೊಳ್ಳುವ ಹಕ್ಕು ಪ್ರತಿ ಪಾಲುದಾರನಿಗೂ ಇದೆ. ಡೀಸೆಲ್ ಬಿಲ್ಲು, ಬ್ಯಾಂಕ್ ಸ್ಟೇಟ್‌ಮೆಂಟು, ಸ್ಟಾಕ್ ಪಟ್ಟಿ ಕೈಗೆ ಬಂದ ಮೇಲೆ ಆಡಿಟರ್ ಮುಂದೆ ಕೂರುವುದು ಒಳ್ಳೆಯದು. ಎಷ್ಟೋ ಜಗಳಗಳು ಅಲ್ಲೇ, ತಿಂದ ಹಣವನ್ನು ಅವನು ಸ್ವಂತಕ್ಕೆ ಪಡೆದ ಹಣದ (ಡ್ರಾಯಿಂಗ್ಸ್) ಖಾತೆಗೆ ಬರೆಯುವುದರಲ್ಲಿ ಮುಗಿಯುತ್ತವೆ. ಅವನು ಒಪ್ಪದಿದ್ದರೆ ವಕೀಲರ ನೋಟಿಸು. ಈ ನಡುವೆ ಹಣ ಇನ್ನಷ್ಟು ಸೋರದಂತೆಯೂ ನೋಡಿಕೊಳ್ಳಬೇಕು: ಇಬ್ಬರ ಸಹಿಯಿಲ್ಲದೆ ಚೆಕ್ ಪಾಸಾಗಬಾರದೆಂದು ಪಾಲುದಾರಿಕೆಯ ಕರಾರುಪತ್ರದಲ್ಲೇ (ಡೀಡ್) ಬರೆದಿದ್ದರೂ ಅದನ್ನು ಬ್ಯಾಂಕಿಗೆ ತಿಳಿಸಿರಬೇಕು. ಒಳಗಿನ ಕಟ್ಟುಪಾಡು ಗೊತ್ತಿಲ್ಲದ ಹೊರಗಿನವರನ್ನು ಅದು ಕಟ್ಟಿಹಾಕದು.

ಹೊರಗೆ ಹಾಕಿಬಿಡೋಣ ಎಂದರೆ, ಡೀಡಿನಲ್ಲಿ ಅಂಥ ಅಧಿಕಾರ ಬರೆದಿರದೆ ಬಹುಮತದಿಂದಲೂ ಸಾಧ್ಯವಿಲ್ಲ. ಫರ್ಮು ನೋಂದಣಿಯಾಗಿಲ್ಲದಿದ್ದರಂತೂ ಕೈ ಇನ್ನಷ್ಟು ಕಟ್ಟಿದಂತೆ: 69ನೇ ಕಲಂ ಪ್ರಕಾರ ಒಪ್ಪಂದದ ಹಕ್ಕಿಗಾಗಿ ಜೊತೆಗಾರನ ಮೇಲೆ ದಾವೆ ಹೂಡಲಾಗದು, ವಿಸರ್ಜನೆ ಮಾಡಿಸಿ ಲೆಕ್ಕ ಕೊಡಿಸಿ ಎಂದು ಕೇಳಬಹುದು. ಆಗ ನೋಂದಾಯಿಸಲು ಹೊರಟರೆ ಅರ್ಜಿಗೆ ಎಲ್ಲ ಪಾಲುದಾರರ ಸಹಿ ಬೇಕು. ಜಗಳವಾಡಿದವನು ಸಹಿ ಹಾಕಿಯಾನೇ?

ಕಡೆಗೆ ಬೇಸತ್ತು ನಿವೃತ್ತನಾಗುವ ಪಾಲುದಾರನಿಗೂ ಒಂದು ಆಸರೆಯಿದೆ. ಅವನ ಲೆಕ್ಕ ತೀರಿಸದೆ ಉಳಿದವರು ಫರ್ಮಿನ ಆಸ್ತಿಯಲ್ಲೇ ವ್ಯಾಪಾರ ಮುಂದುವರಿಸಿದರೆ, ಬೇರೆ ಒಪ್ಪಂದವಿಲ್ಲದ ಪಕ್ಷದಲ್ಲಿ, ತನ್ನ ಪಾಲಿನಿಂದ ಹುಟ್ಟಿದ ಲಾಭವನ್ನೋ ವರ್ಷಕ್ಕೆ ಶೇ 6ರ ಬಡ್ಡಿಯನ್ನೋ ಅವನು ಕೇಳಬಹುದು. ಯಾವುದು ಬೇಕೆಂಬ ಆಯ್ಕೆ ಹೊರಬಂದವನದೇ.